ಮೂರು ತಿಂಗಳು ಕಾಪಿಟ್ಟ ದನಿಗಳು

ಹೋದ ವರ್ಷ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಕೂತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. "ಅಕ್ಕಾ, ನೀವು ಕಾಲೇಜಲ್ಲಿದ್ದಾಗ ನಮ್ಮಜ್ಜಿ ಮಾತು ರೆಕಾರ್ಡ್ ಮಾಡ್ಕೊಂಡು ಹೋಗಿದ್ರಲ್ಲ, ಅದು ಸಿಗುತ್ತಾ? ಅಜ್ಜಿ ಹೋಗ್ಬಿಟ್ರು" ಎಂದ ಆ ಹುಡುಗ. ಅಜ್ಜಿ ಯಾರೆಂದು ತಕ್ಷಣ ನೆನಪಾಯಿತು. ನಮ್ಮ ಕಾಲೇಜಿನಿಂದ ಐದಾರು ಕಿಲೋಮೀಟರ್ ದೂರದ ಹಳ್ಳಿಯ ಸೂಲಗಿತ್ತಿ. ಪದವಿಯ ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ಸಮುದಾಯ ಬಾನುಲಿಗೆ ನಾನು ಸ್ವಯಂಸೇವಕಿಯಾಗಿದ್ದೆ. ಎರಡು ಗಂಟೆ ಮಾತಾಡಿದ್ದ ಅವರನ್ನು ಅರ್ಧ ಗಂಟೆಗೆ ಇಳಿಸಿ ಪ್ರಸಾರ ಮಾಡಿದ್ದೆವು. ಆ ಎರಡು ಗಂಟೆಯೂ ಈಗ ಇಲ್ಲ, ಅರ್ಧ ಗಂಟೆಯೂ ಇಲ್ಲ. ಕಂಪ್ಯೂಟರಿನಲ್ಲಿ ಜಾಗ ತುಂಬಿದಾಗ, ಪ್ರಸಾರವಾಗಿ ಮೂರು ತಿಂಗಳು ದಾಟಿದ ಕಡತಗಳನ್ನೆಲ್ಲ ಆರಿಸಿ ಅಳಿಸುವ ಕೆಲಸವನ್ನು ಒಂದು ಶನಿವಾರ ನಾನೇ ಮಾಡಿದ್ದೆ.

ಮೂರು ತಿಂಗಳು ಎಂಬ ಲೆಕ್ಕ ನಮ್ಮದಲ್ಲ. ಕೇಂದ್ರ ಸರ್ಕಾರದ ಸಮುದಾಯ ಬಾನುಲಿ ಮಾರ್ಗಸೂಚಿಯಲ್ಲೇ ಅದಿದೆ: ಪ್ರಸಾರವಾದ ಪ್ರತಿ ಕಾರ್ಯಕ್ರಮವನ್ನೂ ಪ್ರಸಾರದ ದಿನದಿಂದ ಮೂರು ತಿಂಗಳು ಕಾಪಿಡಬೇಕು. ಯಾರಾದರೂ ದೂರು ಕೊಟ್ಟರೆ ಕೇಳಿ ನೋಡಲು ಅಷ್ಟು ಸಾಕು. ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ತನಿಖೆ, ಚರಿತ್ರೆಯಲ್ಲ. ಹಳೇ ಮೈಸೂರು ಸೀಮೆಯ ಸ್ಥಳೀಯ ಮಾಧ್ಯಮಗಳ ಚರಿತ್ರೆಯನ್ನೇ ಸಂಶೋಧನೆಯ ವಿಷಯವಾಗಿ ಆರಿಸಿಕೊಂಡ ಮೇಲೆ ಈ ಸಣ್ಣ ವಾಕ್ಯ ನನ್ನನ್ನು ಕಾಡುತ್ತಲೇ ಇದೆ.

ಈ ಚರಿತ್ರೆಯನ್ನು ಮೈಸೂರಿನ ಒಂದು ಮನೆಯಿಂದ ಶುರುಮಾಡುವುದು ವಾಡಿಕೆ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರೇಷಕ ಯಂತ್ರವಿಟ್ಟು ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಆ ಮನೆಯಲ್ಲಿ. ಅದು ಮುಂದೆ ಸಂಸ್ಥಾನದ ಕೈಗೂ ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ಕೈಗೂ ಹೋಯಿತು. ಇದನ್ನು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಈ ಕಥೆಯ ಇನ್ನೊಂದು ಮಗ್ಗುಲನ್ನು ನಾವು ಅಷ್ಟಾಗಿ ಗಮನಿಸಿಲ್ಲ. 1935ರಲ್ಲಿ ಒಬ್ಬ ಮೇಷ್ಟರು ತಮ್ಮ ಮನೆಯಿಂದ ಊರಿಗೆ ಮಾತಾಡಬಹುದಿತ್ತು. ಸ್ವತಂತ್ರ ಭಾರತದ ಮೊದಲ ಐವತ್ತು ವರ್ಷಗಳಲ್ಲಿ ಅದೇ ಕೆಲಸ ಮಾಡಿದ್ದರೆ ಅವರು ಕಾನೂನು ಮುರಿದಂತಾಗುತ್ತಿತ್ತು. 1885ರ ಟೆಲಿಗ್ರಾಫ್ ಕಾಯ್ದೆಯನ್ನು ನಾವು ಹಾಗೇ ಉಳಿಸಿಕೊಂಡಿದ್ದೆವು. ತಂತಿ ಕಳಿಸುವುದಕ್ಕೆ ಬ್ರಿಟಿಷರು ಮಾಡಿದ ಏಕಸ್ವಾಮ್ಯ ಗಾಳಿಯ ಮೇಲೂ ಹರಡಿಕೊಂಡು ಕೂತಿತ್ತು.

ಅದು ಸಡಿಲವಾದದ್ದು ಕ್ರಿಕೆಟ್ಟಿನಿಂದ ಎಂದರೆ ನನ್ನ ವಿದ್ಯಾರ್ಥಿಗಳು ನಗುತ್ತಾರೆ. 1993ರ ಹೀರೋ ಕಪ್ ಪಂದ್ಯಾವಳಿಯ ನೇರಪ್ರಸಾರವನ್ನು ಬಂಗಾಳದ ಕ್ರಿಕೆಟ್ ಸಂಸ್ಥೆ ವಿದೇಶಿ ಕಂಪನಿಯೊಂದಕ್ಕೆ ಕೊಟ್ಟಿತು. ದೂರದರ್ಶನದ ಜೊತೆ ಜಗಳವಾಯಿತು. ಜಗಳ ಸುಪ್ರೀಂ ಕೋರ್ಟ್ ಮುಟ್ಟಿ, 1995ರ ಫೆಬ್ರವರಿ 9ರಂದು ತೀರ್ಪು ಬಂತು. ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಜಹಗೀರಲ್ಲ ಎಂಬುದು ಅದರ ತಿರುಳು. ಮರುವರ್ಷ ಬೆಂಗಳೂರಿನಲ್ಲಿ 'ವಾಯ್ಸಸ್' ಎಂಬ ಸಂಸ್ಥೆ ಪ್ರಸಾರಕರನ್ನೂ ನೀತಿ ರೂಪಿಸುವವರನ್ನೂ ಒಟ್ಟಿಗೆ ಕೂರಿಸಿತು. ಸಮುದಾಯಗಳಿಗೆ ಬಾನುಲಿಯ ಹಕ್ಕು ಕೊಡಿ ಎಂದು ಆ ಸಭೆ ಹೊರಡಿಸಿದ ಹೇಳಿಕೆಗೆ 'ಬೆಂಗಳೂರು ಘೋಷಣೆ' ಎಂದು ಹೆಸರಾಯಿತು.

ಘೋಷಣೆಯಿಂದ ಪರವಾನಗಿ ಬರುವುದಿಲ್ಲ. ಬಂದದ್ದು ಹರಾಜು. ಹಣವಿದ್ದವರಿಗೆ ಎಫ್‌ಎಂ ಮಾರಲು ಸರ್ಕಾರ ಒಪ್ಪಿ, ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 'ರೇಡಿಯೊ ಸಿಟಿ' 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಾತಾಡತೊಡಗಿತು. ಅದೇ 2001ರ ಫೆಬ್ರವರಿ ಕೊನೆಗೆ, ರೈಲಿನಲ್ಲಿ ಕೆಲವೇ ತಾಸಿನ ದೂರದ ಕೋಲಾರದ ಚಿನ್ನದ ಗಣಿಗೆ ಬೀಗ ಬಿದ್ದಿತ್ತು. ಗಣಿ ಮುಚ್ಚಿದ ಅದೇ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ಅದೇ ವರ್ಷ, 'ನಮ್ಮ ಧ್ವನಿ' ಎಂಬ ಸಣ್ಣ ಧ್ವನಿಮುದ್ರಣ ಕೇಂದ್ರ ಶುರುವಾಯಿತು.

ಬೂದಿಕೋಟೆ ಎಂದರೆ ಹೈದರಾಲಿ ಹುಟ್ಟಿದ ಊರು ಎಂದು ಶಾಲೆಯಲ್ಲಿ ಓದಿದ್ದೇವೆ. ಆ ಸುತ್ತಿನ ಹಳ್ಳಿಗಳಲ್ಲಿ 'ಮೈರಾಡ' ಸಂಸ್ಥೆ ಕಟ್ಟಿದ ಮಹಿಳಾ ಸ್ವಸಹಾಯ ಸಂಘಗಳಿದ್ದವು. 'ವಾಯ್ಸಸ್' ಅವರ ಜೊತೆ ಸೇರಿತು, ಯುನೆಸ್ಕೊ ನೆರವು ಕೊಟ್ಟಿತು. ಊರಿನ ಯುವಕ ಯುವತಿಯರೂ ಸಂಘದ ಹೆಂಗಸರೂ ಮೈಕ್ ಹಿಡಿಯುವುದನ್ನು, ಧ್ವನಿ ಕತ್ತರಿಸಿ ಜೋಡಿಸುವುದನ್ನು ಕಲಿತರು. ಕಾರ್ಯಕ್ರಮ ತಯಾರಾಯಿತು, ಆದರೆ ಗಾಳಿಗೆ ಬಿಡುವಂತಿರಲಿಲ್ಲ. ಹಾಗಾಗಿ ಕ್ಯಾಸೆಟ್ಟುಗಳನ್ನು ಸಂಘದ ಸಭೆಗಳಲ್ಲಿ ಹಾಕಿದರು, ಸಂತೆಯಲ್ಲಿ ಧ್ವನಿವರ್ಧಕ ಕಟ್ಟಿ ಕೇಳಿಸಿದರು.

2003ರಲ್ಲಿ ಅವರು ಮಾಡಿದ್ದು ನನಗೆ ಈ ಇಡೀ ಕಥೆಯಲ್ಲೇ ಅತಿ ಇಷ್ಟವಾದದ್ದು. ಗಾಳಿಯಲ್ಲಿ ಹೋಗುವಂತಿಲ್ಲ ತಾನೆ, ತಂತಿಯಲ್ಲಿ ಹೋಗೋಣ ಎಂದು ಊರಿನ ಟಿವಿ ಕೇಬಲ್ಲಿಗೇ ತಮ್ಮ ದನಿಯನ್ನು ಸೇರಿಸಿದರು. ಕೇಬಲ್ ಜಾಲಕ್ಕೆ ಇದ್ದದ್ದು ಬೇರೆ ಕಾನೂನು. ಕೇಬಲ್ ನಡೆಸುವವರು ಆಗ ಹೆಸರು ನೋಂದಾಯಿಸಬೇಕಿದ್ದದ್ದು ದೆಹಲಿಯಲ್ಲಲ್ಲ, ಪ್ರಧಾನ ಅಂಚೆ ಕಚೇರಿಯಲ್ಲಿ. ಗಾಳಿಗಾದರೆ ಗೃಹ ಇಲಾಖೆ, ರಕ್ಷಣಾ ಇಲಾಖೆಗಳೆಲ್ಲ ಒಪ್ಪಬೇಕಿತ್ತು, ತಂತಿಗಾದರೆ ಪೋಸ್ಟ್‌ಮಾಸ್ಟರು ಸಾಕಿತ್ತು! ಹಳೆಯ ಟೆಲಿಗ್ರಾಫ್ ಕಾಯ್ದೆ ತಂತಿಯ ಹೆಸರಿನಲ್ಲಿ ಗಾಳಿಯನ್ನು ಹಿಡಿದಿಟ್ಟುಕೊಂಡಿದ್ದರೆ, ಒಂದು ಹಳ್ಳಿ ಗಾಳಿಯ ಕೆಲಸವನ್ನು ತಂತಿಯಿಂದಲೇ ಮಾಡಿಸಿತು.

ಇದನ್ನು ರಮ್ಯವಾಗಿ ಹೇಳಿಬಿಡುವ ಅಪಾಯವೂ ಇದೆ. ಕೇಬಲ್ ಇರುವ ಮನೆಗೆ ಮಾತ್ರ ಕೇಬಲ್ ರೇಡಿಯೊ. ತಂತಿ ಎಲ್ಲಿ ನಿಲ್ಲುತ್ತದೋ ಸಮುದಾಯವೂ ಅಲ್ಲಿಗೇ ನಿಲ್ಲುತ್ತದೆ, ಕೂಲಿ ಮಾಡುವವರ ಕೇರಿಗೆ ಅದು ಎಲ್ಲರಿಗಿಂತ ಕೊನೆಗೆ ತಲುಪುತ್ತದೆ. ಸಂತೆಯ ಧ್ವನಿವರ್ಧಕ ಕೇಬಲ್ಲಿಗಿಂತ ಹಿಂದಿನ ಮೆಟ್ಟಿಲು ಎಂದು ವರದಿಗಳನ್ನು ಓದಿದಾಗ ಅನ್ನಿಸುತ್ತದೆ. ನನಗೆ ಹಾಗೆ ತೋರುವುದಿಲ್ಲ. ಸಂತೆಯಲ್ಲಿ ಕೇಳುವುದಕ್ಕೆ ಮನೆಯಲ್ಲಿ ಏನೂ ಇರಬೇಕಾಗಿಲ್ಲ.

ಸರ್ಕಾರ ನಿಧಾನವಾಗಿ ಬಾಗಿಲು ತೆರೆಯಿತು. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. 2004ರ ಫೆಬ್ರವರಿಯಲ್ಲಿ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ಕೇಂದ್ರ ಮೊದಲನೆಯದಾಗಿ ಪ್ರಸಾರ ಆರಂಭಿಸಿತು. ಅಂದರೆ ಕಾಲೇಜಿನ ಕಾಂಪೌಂಡು 'ಸಮುದಾಯ' ಆಯಿತು, ಬೂದಿಕೋಟೆ ಆಗಲಿಲ್ಲ. ಸಂಘ ಸಂಸ್ಥೆಗಳಿಗೂ ಅವಕಾಶ ಸಿಗಲು 2006ರ ನವೆಂಬರ್ ಬರಬೇಕಾಯಿತು. ಆಗಲೂ ಷರತ್ತುಗಳು: ನೂರು ವ್ಯಾಟ್ ಶಕ್ತಿ, ಮೂವತ್ತು ಮೀಟರಿಗಿಂತ ಎತ್ತರವಾಗದ ಗೋಪುರ, ಅರ್ಧದಷ್ಟಾದರೂ ಸ್ಥಳೀಯ ಕಾರ್ಯಕ್ರಮ. ಸ್ವಂತ ಸುದ್ದಿ ಕೊಡುವಂತಿಲ್ಲ. ಊರಿನ ನೀರಿನ ಟ್ಯಾಂಕು ಒಡೆದರೆ ಅದು ಸುದ್ದಿಯೋ ಮಾಹಿತಿಯೋ ಎಂದು ನಾವು ಹುಡುಗ ಹುಡುಗಿಯರು ಸ್ಟುಡಿಯೊದಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದೆವು.

ಬೂದಿಕೋಟೆಯಂತೆಯೇ ಕಾದ ಇನ್ನೊಂದು ಊರು ಆಗ ಮೇದಕ್ ಜಿಲ್ಲೆಯಲ್ಲಿದ್ದ ಮಾಚನೂರು, ಬೀದರಿನ ಆಚೆ ಬದಿ. ಅಲ್ಲಿನ ದಲಿತ ಮಹಿಳಾ ಸಂಘಗಳ 'ಸಂಗಂ ರೇಡಿಯೊ'ಗೆ 1990ರ ದಶಕದ ಕೊನೆಗೇ ಸ್ಟುಡಿಯೊ ಆಗಿತ್ತು, ಪರವಾನಗಿ ಮಾತ್ರ ಇರಲಿಲ್ಲ. ಇಬ್ಬರು ನರಸಮ್ಮಂದಿರು, 'ಜನರಲ್' ನರಸಮ್ಮ ಮತ್ತು ಆಲ್ಗೋಲೆ ನರಸಮ್ಮ, ವರ್ಷಗಟ್ಟಲೆ ಟೇಪು ತುಂಬಿಸುತ್ತಲೇ ಇದ್ದರು. 2008ರ ಅಕ್ಟೋಬರ್ 15ರಂದು ಪ್ರಸಾರ ಶುರುವಾದಾಗ ಬೀಜದ, ಅಡುಗೆಯ, ಹಾಡಿನ ಕ್ಯಾಸೆಟ್ಟುಗಳ ರಾಶಿಯೇ ಅವರ ಬಳಿ ಇತ್ತು. ಇಲ್ಲಿ ನನಗೊಂದು ವಿಚಿತ್ರ ಕಾಣುತ್ತದೆ. ಪ್ರಸಾರವಿಲ್ಲದಿದ್ದಾಗ ಅವರು ದನಿಗಳನ್ನು ಕಾಪಾಡಿಕೊಂಡಿದ್ದರು, ಯಾಕೆಂದರೆ ಮುಂದಿನ ಸಂಘದ ಸಭೆಯಲ್ಲಿ ಅದೇ ಕ್ಯಾಸೆಟ್ ಮತ್ತೆ ಹಾಕಬೇಕಿತ್ತು. ಪರವಾನಗಿ ಸಿಕ್ಕ ನಮ್ಮಂಥವರು ದಿನವೂ ಹೊಸತನ್ನು ತುಂಬಬೇಕಾಗಿ ಬಂದು, ಹಳತನ್ನು ಅಳಿಸಿದೆವು.

ಅಳಿಸಿದ್ದಕ್ಕೆ ಮೂರು ತಿಂಗಳ ನಿಯಮವೊಂದನ್ನೇ ದೂರಿದರೆ ಪ್ರಾಮಾಣಿಕತೆಯಾಗದು. ಇನ್ನೊಂದು ಕಾರಣ ನಾವೇ, ಎಂದರೆ ಸ್ವಯಂಸೇವಕರು. ಮೂರು ವರ್ಷಕ್ಕೊಮ್ಮೆ ಇಡೀ ತಂಡ ಬದಲಾಗುತ್ತಿತ್ತು. ಯಾವ ಕಡತ ಯಾರದು, ಯಾವ ಅಜ್ಜಿಯ ಊರು ಯಾವುದು ಎಂದು ಗೊತ್ತಿದ್ದವರು ಕೊನೆಯ ಪರೀಕ್ಷೆ ಬರೆದು ಹೊರಟುಹೋಗುತ್ತಿದ್ದರು. ಸಂಬಳವಿಲ್ಲದ ಕೆಲಸಕ್ಕೆ ಉಳಿಯುವವರು ಯಾರು? ನನಗೆ ಅಪ್ಪನ ಸಂಬಳವಿತ್ತು, ಬಸ್ ಪಾಸಿತ್ತು, ಹಾಸ್ಟೆಲ್ ಕಾಲೇಜಿನ ಪಕ್ಕದಲ್ಲೇ ಇತ್ತು. ನನಗಿಂತ ಚೆನ್ನಾಗಿ ಮಾತಾಡಿಸುತ್ತಿದ್ದ ಗೆಳತಿಯೊಬ್ಬಳು ಐದೂವರೆಯ ಬಸ್ಸಿಗೆ ಓಡಬೇಕಿತ್ತು. ಹಳ್ಳಿಯ ಜನ ಹೊಲದಿಂದ ಬಂದು ಕಾಲು ತೊಳೆದು ಮಾತಿಗೆ ಕೂರುವುದೇ ಆರರ ಮೇಲೆ. ಒಂದು ವರ್ಷದಲ್ಲಿ ಅವಳು ಬರುವುದು ನಿಂತಿತು. ಆ ವರ್ಷದ ವರದಿಯಲ್ಲಿ 'ಸ್ವಯಂಸೇವಕರ ಸಂಖ್ಯೆ' ಎಂಬ ಸಾಲಿನಲ್ಲಿ ಅವಳೂ ಒಂದು ಅಂಕಿ.

ಸಮುದಾಯ ಮಾಧ್ಯಮದ ಬಗ್ಗೆ ನನ್ನ ಮೇಜಿನ ಮೇಲಿರುವ ಬರಹಗಳಲ್ಲಿ ಹೆಚ್ಚಿನವು ಇಂಥ ವರದಿಗಳು. ಅವುಗಳಲ್ಲಿ ತರಬೇತಿ ಪಡೆದವರ ಲೆಕ್ಕವಿದೆ, ತಯಾರಾದ ಗಂಟೆಗಳ ಲೆಕ್ಕವಿದೆ. ಬಹುಪಾಲು ಇಂಗ್ಲಿಷಿನಲ್ಲಿವೆ, ಹಣ ಕೊಟ್ಟವರು ಓದಲೆಂದು ಬರೆದವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕೋಲಾರದ ಗಡಿಯ ಹುಡುಗಿ ಮೈಕ್ ಮುಂದೆ ಕೂತಾಗ ಯಾವ ಭಾಷೆ ಮೊದಲು ಬಾಯಿಗೆ ಬರುತ್ತಿತ್ತು, ಯಾವುದನ್ನು ನುಂಗಿಕೊಳ್ಳುತ್ತಿದ್ದಳು ಎಂಬುದನ್ನು ದನಿ ಮಾತ್ರ ಹೇಳಬಲ್ಲದು. ನನಗೆ ಬೇಕಾದ ಚರಿತ್ರೆ ಅದು. ಶಾಸನ ಓದುವವರಿಗೆ ಕಲ್ಲಾದರೂ ಉಳಿದಿರುತ್ತದೆ, ಅಕ್ಷರ ಸವೆದಿದ್ದರೂ ಬೆರಳಾಡಿಸಬಹುದು. ಇಪ್ಪತ್ತು ವರ್ಷ ಹಿಂದಿನ ಒಂದು ಹಳ್ಳಿಯ ಮಾತಿಗೆ ನಾನು ಏನನ್ನು ಮುಟ್ಟಲಿ?

ಈಗ ಹಳೆಯ ಸ್ವಯಂಸೇವಕರನ್ನು ಒಬ್ಬೊಬ್ಬರನ್ನೇ ಹುಡುಕಿ ಕೇಳುತ್ತಿದ್ದೇನೆ. ಒಬ್ಬರು ಬ್ಯಾಂಕಿನಲ್ಲಿದ್ದಾರೆ, ಒಬ್ಬರು ಬೆಂಗಳೂರಿನಲ್ಲಿ ಸರಕು ಸಾಗಿಸುವ ಆ್ಯಪ್ ಒಂದಕ್ಕೆ ಗಾಡಿ ಓಡಿಸುತ್ತಾರೆ. ಎಲ್ಲರೂ ಮೊದಲು ಹೇಳುವುದು ಒಂದೇ ಮಾತು: "ಅಯ್ಯೋ, ಅದೆಲ್ಲ ಯಾಕೆ ಇಟ್ಕೊಂಡಿರ್ತೀವಿ?" ಆಮೇಲೆ ಹಳೆ ಫೋನು, ಹಳೆ ಮೆಮೊರಿ ಕಾರ್ಡು ಹುಡುಕುತ್ತಾರೆ. ಐದೂವರೆಯ ಬಸ್ಸಿನ ಗೆಳತಿಯ ಮನೆಗೂ ಹೋಗಿದ್ದೆ. ಈಗ ಎರಡು ಮಕ್ಕಳ ತಾಯಿ. ಸೂಲಗಿತ್ತಿ ಅಜ್ಜಿಯ ಬಳಿ ಹೋದ ದಿನ ಅವಳೂ ಜೊತೆಗಿದ್ದಳು, ಅಂದು ಬಸ್ ತಪ್ಪಿಸಿಕೊಂಡು ಬೈಸಿಕೊಂಡಿದ್ದಳು. ಬೀರುವಿನ ಒಳಖಾನೆಯಿಂದ ಬಟನ್ ಫೋನೊಂದನ್ನು ತೆಗೆದು, ಚಾರ್ಜಿಗೆ ಹಾಕಿ, ಕಾಫಿ ಮಾಡಿಕೊಟ್ಟಳು. ಕಾಫಿ ಮುಗಿಯುವ ಹೊತ್ತಿಗೆ ಫೋನ್ ಎದ್ದಿತು.

ನಲವತ್ತು ಸೆಕೆಂಡಿನ ತುಣುಕು. ಕೋಳಿ ಕೂಗುತ್ತದೆ. "ಅಜ್ಜಿ, ಸ್ವಲ್ಪ ಮುಂದೆ ಬನ್ನಿ, ಮೈಕ್ ಹತ್ರ" ಎಂದು ನನ್ನ ದನಿ ಹೇಳುತ್ತದೆ. ಅಜ್ಜಿ ಕೆಮ್ಮುತ್ತಾರೆ. "ಎಷ್ಟು ಹೆರಿಗೆ ಮಾಡ್ಸಿದೀನಿ ಅಂತ ಎಣಿಸ್ಬಾರ್ದು ಕಣವ್ವ, ಎಣಿಸಿದ್ರೆ ಮಕ್ಳಿಗೆ ದೃಷ್ಟಿ ಆಗುತ್ತೆ" ಎನ್ನುತ್ತಾರೆ. ಅಲ್ಲಿಗೆ ನಿಲ್ಲುತ್ತದೆ.

ಅದನ್ನು ಮೊಮ್ಮಗನಿಗೆ ಕಳಿಸಿದೆ. ರಾತ್ರಿ ಹತ್ತರ ಮೇಲೆ ಉತ್ತರ ಬಂತು. ಮನೆಯವರೆಲ್ಲ ಕೂತು ಕೇಳಿದರಂತೆ, ಅವನಮ್ಮ ಐದು ಸಲ ಹಾಕಿಸಿಕೊಂಡರಂತೆ. ಕೊನೆಗೆ ಒಂದು ಸಾಲು: "ಅಕ್ಕಾ, ಮಿಕ್ಕಿದ್ದು ಯಾವಾಗ ಕಳಿಸ್ತೀರಾ?"