ಬರಮಾಡಿಕೊಂಡವರ ಊರು

ಹೈದರ್ ಅಲಿಯು ದಾವಣಗೆರೆಯನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಾಗ ಅದೊಂದು ಅಪ್ರಸಿದ್ಧ ಗ್ರಾಮ. ನೆರೆಯ ಹರಿಹರಕ್ಕಿದ್ದ ಹೊಳೆಯ ದಂಡೆಯಾಗಲಿ, 1224ರಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮಹಿಮೆಯಾಗಲಿ ಇಲ್ಲದ ಆ ಬಯಲಿನಲ್ಲಿ ಜಹಗೀರುದಾರನು ಮಾಡಿದ ದೊಡ್ಡ ಕಾರ್ಯವೆಂದರೆ ವರ್ತಕರನ್ನು ಬರಮಾಡಿಕೊಂಡು, ಪ್ರೋತ್ಸಾಹವಿತ್ತು, ನೆಲೆಗೊಳಿಸಿದುದು. ಅವನು ಸಂತಾನವಿಲ್ಲದೆ ತೀರಿಕೊಂಡ ಮೇಲೂ ಆ ನೀತಿ ಅಳಿಯಲಿಲ್ಲ. ಮಲೆನಾಡಿನ ಅಡಕೆ ಮೆಣಸುಗಳು ಇಲ್ಲಿಯ ಲಿಂಗಾಯತ ವರ್ತಕರ ಕೈಹಾಯ್ದು ದೂರದ ವಾಲಾಜಾಪೇಟೆಗೆ ಸಾಗಿದವು. ಸುತ್ತಣ ಹಳ್ಳಿಗಳ ಕಂಬಳಿಗೂ ಪೇಟೆ ದೊರೆಯಿತು. 1868ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಸೇತುವೆಯಾಯಿತು, ಅನಂತರ ರೈಲು ಬಂದಿತು.

ಇಪ್ಪತ್ತನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳು ಎದ್ದಾಗ ಕರೆ ವರ್ತಕನಿಗಲ್ಲ, ಕೂಲಿಗೆ ಬಂದಿತು. ಗಿರಣಿಯ ಪಾಳಿ ಬಿಟ್ಟವರ ಹಸಿವನ್ನು ನಂಬಿ ಖಾನಾವಳಿಗಳೂ ಚಹಾದಂಗಡಿಗಳೂ ಬಾಳಿದವು. ಅಗ್ಗದ ಉಪಾಹಾರವೆಂದರೆ ಮಂಡಕ್ಕಿ ಮೆಣಸಿನಕಾಯಿ. ಆ ಮಂಡಕ್ಕಿಗಾಗಿ ಭತ್ತವನ್ನು ನೆನೆಸಿ, ಹುರಿದು, ಹೊಟ್ಟು ಕಳೆದು, ಉಪ್ಪುನೀರು ಹಾಯಿಸಿದ ಅಕ್ಕಿಯನ್ನು ಕಾದ ಮರಳಿನೊಳಗೆ ಸುರಿದು, ಅದು ಅರಳಿದೊಡನೆ ಜರಡಿಗೆತ್ತುವ ಭಟ್ಟಿಯ ಕೆಲಸಗಾರನ ಮೈ ಹಗಲೆಲ್ಲ ಬೆಂಕಿಗೆ ಒಡ್ಡಿಯೇ ಇರುತ್ತದೆ. ಈ ನಗರದ ಕೀರ್ತಿಯಲ್ಲಿ ಗಿರಣಿಯ ಚಿಮಣಿಗೆ ಸಂದಷ್ಟೇ ಗೌರವ ಆ ಭಟ್ಟಿಗೂ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಗಿರಣಿಗಳ ಆ ಕಾಲದಲ್ಲಿಯೇ, ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತುಗಳನ್ನು ನಿರ್ಮಿಸಿ, ಆ ಪುರಾತನ ಕ್ಷೇತ್ರಕ್ಕೆ ಯಂತ್ರಕುಶಲಿಗಳ ಊರೆಂಬ ಎರಡನೆಯ ಹೆಸರನ್ನು ತಂದಿತು.

ಶತಮಾನದ ಕೊನೆಯ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದುವು. ಕಿರ್ಲೋಸ್ಕರಿನ ಗತಿಯೂ ಅದೇ ಆಯಿತು. ಕಾರ್ಖಾನೆ ಮುಚ್ಚಿದರೆ ಕಾರ್ಮಿಕನಿಗೆ ಪರಿಹಾರ ಸಲ್ಲಬೇಕೆಂದು ಅಂದಿನ ಕೈಗಾರಿಕಾ ವಿವಾದಗಳ ಕಾಯಿದೆ ವಿಧಿಸಿತ್ತು, ಅದು ನ್ಯಾಯವೇ ಸರಿ. ಆದರೆ ಸಂಬಳದ ದಿನವನ್ನು ನಂಬಿ ತಿಂಗಳುದ್ದಕ್ಕೂ ಉದ್ರಿ ಕೊಟ್ಟ ದಿನಸಿ ಅಂಗಡಿಯವನನ್ನೂ ಖಾನಾವಳಿಯವನನ್ನೂ ಆ ಕಾಯಿದೆ ಕಾಣಲಿಲ್ಲ. ಅಪೋಜಿರಾಮನ ಕಾಲದ ನೀತಿಯಲ್ಲಿ ಅಂಗಡಿಕಾರನೇ ಊರಿನ ಮೊದಲ ಪ್ರಜೆ. ನಮ್ಮ ಕಾಲದಲ್ಲಿ ದೊಡ್ಡ ಉದ್ಯಮಕ್ಕೆ ನೆಲ, ನೀರು, ವಿದ್ಯುತ್ತುಗಳನ್ನು ನೀಡಿ ಕರೆತರುವ ಸರಕಾರವು, ಅದರ ಬೆನ್ನಿಗೆ ತಾನಾಗಿ ಬಂದು ನೆಲಸುವ ಈ ಜನರನ್ನು ಯಾವ ಒಪ್ಪಂದದಲ್ಲಿಯೂ ಹೆಸರಿಸುವುದಿಲ್ಲ.