ಐಸಿಯುನಲ್ಲಿ ಕೊನೆಯ ದಿನಗಳು: ಸಲ್ಲೇಖನ ಬೇರೆ, ಯಂತ್ರ ತೆಗೆಸುವುದು ಬೇರೆ

ಹಿರಿಯರು ವೆಂಟಿಲೇಟರ್ ಮೇಲಿರುವಾಗ ನಮ್ಮವರ ಬಾಯಲ್ಲಿ ಒಂದು ಮಾತು ಬರುತ್ತದೆ: "ಇನ್ನು ಸಾಕು, ಸಲ್ಲೇಖನ ಕೊಡಿಸಿಬಿಡೋಣ." ರೋಗಿಗಳನ್ನು ನೋಡಲು ಹೋಗುವ ಸ್ವಯಂಸೇವಕನಾಗಿ ಇದನ್ನು ಹಲವು ಸಲ ಕೇಳಿದ್ದೇನೆ. ಸಲ್ಲೇಖನವನ್ನು ಮಕ್ಕಳು ಕೊಡಿಸಲು ಬರುವುದಿಲ್ಲ. ಅದು ವ್ರತ, ಎಚ್ಚರವಿರುವವರು ತಾವೇ ಬಯಸಿ, ಎಲ್ಲರ ಕ್ಷಮೆ ಕೇಳಿ, ಗುರುಗಳ ಮಾರ್ಗದರ್ಶನದಲ್ಲಿ ಆಹಾರವನ್ನು ಹಂತಹಂತವಾಗಿ ಬಿಡುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪರಿಹಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗಗಳಲ್ಲಿ ಇದನ್ನು ವಿಧಿಸುತ್ತದೆ. ಬೇಗ ಸಾಯಬೇಕೆಂಬ ಆಸೆಯನ್ನೂ ಅತಿಚಾರವೆಂದೇ ಎಣಿಸುತ್ತದೆ. ಮಂಪರಿನ ಔಷಧದಲ್ಲಿ ಮಲಗಿದವರು ಈ ವ್ರತ ಹಿಡಿಯುವುದು ಹೇಗೆ?

ಹಾಗಾದರೆ ಯಂತ್ರ ತೆಗೆಸುವುದು ಹಿಂಸೆಯೇ? ಗುಣವಾಗುವ ಆಸೆ ಇಲ್ಲವೆಂದು ವೈದ್ಯರೇ ಹೇಳಿದ ಮೇಲೆ ಅಲ್ಲ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ಪ್ರಾಣ ಹೋಗುವುದು ರೋಗದಿಂದ. ಬಿಲ್ಲು ಹೆಚ್ಚಾಯಿತೆಂದು ತೆಗೆಸುವುದು ಮಾತ್ರ ಬೇರೆ ಲೆಕ್ಕ. ಅಣ್ಣತಮ್ಮಂದಿರು ಇದನ್ನು ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು.

ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಒಪ್ಪಿ, 2023ರಲ್ಲಿ ವಿಧಾನ ಸರಳಗೊಳಿಸಿತು. ಕರ್ನಾಟಕ ಸರ್ಕಾರದ ಆದೇಶ 2025ರ ಜನವರಿಯಲ್ಲಿ ಬಂತು. ಆಸ್ಪತ್ರೆಯಲ್ಲಿ ಮೂವರು ವೈದ್ಯರ ಮಂಡಳಿ ಮೊದಲು ನೋಡುತ್ತದೆ, ನಂತರ ಬೇರೆ ಮೂವರ ಎರಡನೇ ಮಂಡಳಿ. ಎರಡೂ ಒಪ್ಪಿ, ಮನೆಯವರು ಸಹಿ ಹಾಕಿ, ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಮೇಲೆಯೇ ಯಂತ್ರ ತೆಗೆಯುವುದು.

ತಮ್ಮ ಇಚ್ಛೆಯನ್ನು ಮೊದಲೇ ಬರೆದಿಡಲೂಬಹುದು. ಇದಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಎನ್ನುತ್ತಾರೆ. ಹದಿನೆಂಟು ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರಾದರೂ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ತಮ್ಮ ಪರವಾಗಿ ನಿರ್ಧರಿಸುವವರ ಹೆಸರು ಅದರಲ್ಲಿರಬೇಕು. ಮನಸ್ಸು ಬದಲಾದರೆ ಲಿಖಿತವಾಗಿ ಹಿಂಪಡೆಯಬಹುದು. ಅಂಗಡಿ, ಜಮೀನಿಗೆ ಉಯಿಲು ಬರೆಸುವ ನಾವು ಇದನ್ನು ಮುಂದೂಡುತ್ತಲೇ ಇರುತ್ತೇವೆ.

ಯಂತ್ರ ತೆಗೆದರೆ ಆರೈಕೆ ನಿಂತಿತೆಂದಲ್ಲ. ನೋವು, ಉಸಿರಿನ ಸಂಕಟ ಇಳಿಸುವ ಉಪಶಾಮಕ ಚಿಕಿತ್ಸೆ ಕೊನೆಯವರೆಗೂ ಸಿಗಬೇಕು, ಕೇಳಿ ಪಡೆಯಿರಿ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕರುಣಾಶ್ರಯದಲ್ಲಿ ಈ ಆರೈಕೆ ಉಚಿತ. ಮಾರ್ಫಿನ್ ಎಂದೊಡನೆ ಹೆದರಬೇಡಿ. ಎಚ್ಚರದಲ್ಲೇ ಪಂಚನಮಸ್ಕಾರ ಕೇಳುತ್ತ ಹೋಗಬೇಕೆಂಬ ಆಸೆ ಇದ್ದರೆ, ಸಾಧ್ಯವಾದಷ್ಟು ಎಚ್ಚರ ಉಳಿಯುವಂತೆ ಔಷಧದ ಪ್ರಮಾಣ ಇಡಿ ಎಂದು ಪತ್ರದಲ್ಲೇ ಬರೆಸಿ, ವೈದ್ಯರಿಗೂ ಹೇಳಿ. ಪತ್ರದ ಒಂದು ಪ್ರತಿ ನಗರಸಭೆ ಅಥವಾ ಗ್ರಾಮ ಪಂಚಾಯಿತಿಯ ಅಧಿಕಾರಿಯ ಬಳಿ, ಇನ್ನೊಂದು ಮನೆಯವರ ಕೈಗೆ ಸಿಗುವ ಕಡೆ ಇರಲಿ. ಬ್ಯಾಂಕ್ ಲಾಕರಿನಲ್ಲಿ ಬೇಡ.