ಶ್ರೀಶೈಲದ ದಾರಿಯ ಬಂಡಿಮನೆ

1884ರಲ್ಲಿ ಹೋಟಗಿ–ಗದಗ ರೈಲು ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂತು. ತಿಕೋಟಾ, ಬಬಲೇಶ್ವರಗಳಿಗೆ ಹಳಿ ಬರಲಿಲ್ಲ. ಯುಗಾದಿಗೆ ಶ್ರೀಶೈಲ ಮಲ್ಲಯ್ಯನ ಕಡೆ ಹೊರಡುವ ನಮ್ಮವರಿಗೆ ಕಾಲ್ನಡಿಗೆಯೇ ಹರಕೆ, ಬಂಡಿಯೇ ಮನೆ.

ತಿಕೋಟಾದ ನಮ್ಮ ಅಜ್ಜನ ಕೊಲ್ಲಾರಿ ಬಂಡಿಯನ್ನು ನಾನು ಕಣ್ಣಾರೆ ಕಂಡವನು. ಬಿದಿರಿನ ಕಮಾನಿನ ಮೇಲೆ ಚಾಪೆ. ಒಳಗೆ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕೌದಿ. ಅಚ್ಚಿನ ಕೆಳಗೆ ತೂಗುವ ಕೀಲೆಣ್ಣೆಯ ಡಬ್ಬಿ. ಹಿಂದೆ ಎತ್ತುಗಳಿಗೆ ಕಣಿಕಿ.

ಟ್ರ್ಯಾಕ್ಟರ್ ಬಂದ ಮೇಲೆ ಟ್ರೇಲರಿಗೆ ತಾಡಪತ್ರಿ ಹೊದಿಸಿದೆವು. ನೀರಿನ ಬ್ಯಾರಲ್, ಅಕ್ಕಿ-ಬೇಳೆ ಚೀಲಗಳ ನಡುವೆ ಒಂದು ಸ್ಕೂಟರನ್ನೂ ಹಗ್ಗ ಬಿಗಿದು ಏರಿಸುವುದು ನಮ್ಮ ಓಣಿಯ ರೂಢಿಯಾಯಿತು. ಟ್ರ್ಯಾಕ್ಟರ್ ಮುಂದಿನ ಮುಕ್ಕಾಮಿಗೆ ಹೋಗಿ ಒಲೆ ಹೂಡುತ್ತದೆ. ಸ್ಕೂಟರ್ ಹಿಂದಕ್ಕೆ ಓಡಿ, ಪಾದದಲ್ಲಿ ಬೊಬ್ಬೆ ಎದ್ದವರಿಗೆ ಮುಲಾಮು, ಮಜ್ಜಿಗೆ ಮುಟ್ಟಿಸುತ್ತದೆ.

ವೆಂಕಟಾಪುರದ ಬಳಿ ನಲ್ಲಮಲ ಕಾಡು ಹೊಕ್ಕವರು ಭೀಮನಕೊಳ್ಳ ಇಳಿದು ಕೈಲಾಸದ್ವಾರ ಏರಬೇಕು. ಆ ಕಲ್ಲುಹಾದಿಯಲ್ಲಿ ಗಾಲಿ ಸಾಗದು. ವಾಹನಗಳು ದೋರ್ನಾಲದ ಡಾಂಬರು ರಸ್ತೆ ಹಿಡಿದು ಸುತ್ತಿ ಬರುತ್ತವೆ.

ಎತ್ತು ಹೋಗಿ ಎಂಜಿನ್ ಬಂದರೂ, ನಡೆಯುವವರ ಅನ್ನ-ನೀರು ಊರಿನ ಹೊಣೆ ಎಂಬ ಕಟ್ಟು ಉಳಿದಿದೆ. ನಮ್ಮ ಮಕ್ಕಳೂ ಅದನ್ನು ಉಳಿಸಿಕೊಂಡು ಹೋಗಬೇಕು.